ಬಳೆ ಮುಚ್ಚಿದ ಗುರುತು

ನಮ್ಮ ಮನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಒನಕೆಯ ಸದ್ದು ಕೇಳಿದರೆ ಖಾರದ ಪುಡಿ ಮುಗಿದಿದೆ ಎಂದಲ್ಲ, ಅವ್ವ ಬಿದ್ದಿದ್ದಾಳೆ ಎಂದು ಅರ್ಥ. ದಾವಣಗೆರೆಯ ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ, ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಕೋಣೆ ಜೋಡಿಸಿದ ಉದ್ದ ಮನೆ ನಮ್ಮದು. ಬೀದಿಗೆ ಕಟ್ಟೆ, ಕಟ್ಟೆಯ ಪಕ್ಕಕ್ಕೆ ಬಾಡಿಗೆಗೆ ಕೊಟ್ಟ ಸಣ್ಣ ಕೋಣೆ, ಆಮೇಲೆ ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು. ಎರಡೂ ಬದಿಯ ಗೋಡೆ ನಮಗೂ ನೆರೆಯವರಿಗೂ ಒಂದೇ. ಇಲ್ಲಿ ಸೀನಿದರೆ ಅಲ್ಲಿ ಯಾರೋ ನೆಗಡಿಗೆ ಕಷಾಯ ಹೇಳುತ್ತಿದ್ದರು. ಅಂಥ ಮನೆಯಲ್ಲಿ ನನ್ನ ಅಜ್ಜಿ, ಎಂದರೆ ಅಪ್ಪನ ತಾಯಿ, ಸೊಸೆಯ ಮೂರ್ಛೆರೋಗವನ್ನು ಹದಿನೇಳು ವರ್ಷ ಬೀದಿಗೆ ಬಿಟ್ಟುಕೊಡದೆ ಕಾಪಾಡಿದ್ದಳು. ಅವ್ವ ಬಿದ್ದ ಕೂಡಲೇ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೇಮಕವಾಗಿತ್ತು. ಅಜ್ಜಿ ಬೀಗದ ಕೈ ಗೊಂಚಲನ್ನು ಅವ್ವನ ಮುಷ್ಟಿಗೆ ತುರುಕಬೇಕು, ನಾನು ಓಡಿಹೋಗಿ ಬೀದಿಬಾಗಿಲಿಗೆ ಅಗಳಿ ಹಾಕಬೇಕು, ಅಕ್ಕ ಒರಳಿಗೆ ಒಣಮೆಣಸಿನಕಾಯಿ ಸುರಿದು ಕುಟ್ಟಬೇಕು. ಅವ್ವನ ಗಂಟಲಿನ ಸದ್ದು ನಿಲ್ಲುವ ತನಕ ಅಕ್ಕನ ಕೈ ನಿಲ್ಲುವಂತಿರಲಿಲ್ಲ. ಹೀಗೆ ಕುಟ್ಟಿದ ಖಾರ ನಮ್ಮಲ್ಲಿ ಡಬ್ಬಿಗಟ್ಟಲೆ ಇತ್ತು. ಪಕ್ಕದ ಮನೆಯಾಕೆ ಗೋಡೆಯ ಆಚೆಯಿಂದ ಕೂಗಿ ಕೇಳುತ್ತಿದ್ದಳು:

"ಏನ್ ಖಾರ ತಿಂತೀರೇ ನಿಮ್ಮನ್ಯಾಗ! ಹೊಟ್ಟಿ ಐತೋ ಮೆಣಸಿನಕಾಯಿ ಗೋದಾಮೈತೋ?"

"ನನ್ನ ಮಗಗ ಚುರುಕ್ ಬೇಕವ್ವ, ದಲಾಲಿ ಮಾತಾಡಬೇಕಲ್ಲ," ಎಂದು ಅಜ್ಜಿ ನಕ್ಕು ಉತ್ತರ ಕೊಡುತ್ತಿದ್ದಳು. ಅವಳ ಒಂದು ಕೈ ಆಗ ಅವ್ವನ ಬಾಯಿಯ ನೊರೆ ಒರೆಸುತ್ತಿರುತ್ತಿತ್ತು.

ಒಂದು ಸಲ ಅವ್ವ ರೊಟ್ಟಿ ಬೇಯಿಸುವಾಗಲೇ ಬಿದ್ದಳು. ಎಡಗೈ ಒಲೆಯೊಳಗೆ ಹೋಯಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ, ನೀರಿನಲ್ಲಿ ನೆನೆದು ಒಣಗಿದ ಕಾಗದದ ಹಾಗಾಯಿತು. ಗಾಯ ಮಾಯುವ ಮೊದಲೇ ಅಜ್ಜಿ ಬಳೆಗಾರನನ್ನು ಕರೆಸಿ, ಆ ಕೈತುಂಬ ಹಸಿರು ಗಾಜಿನ ಬಳೆ ಇಡಿಸಿದಳು. ಬಳೆಗಾರ ಕೈ ನೋಡಬಾರದೆಂದು ಮೊದಲು ಅರಿಶಿನ ಬಳಿದಿದ್ದಳು. ಉರಿಯಿಂದ ಅವ್ವನ ಕಣ್ಣಲ್ಲಿ ನೀರು ತುಂಬಿದಾಗ ಬಳೆಗಾರ, ತವರು ನೆನಪಾಯಿತೇನೋ ಎಂದು ಸಮಾಧಾನ ಹೇಳಿದ. ಮೂರ್ಛೆಗಿಂತ ನನಗೆ ಹೆಚ್ಚು ಹೆದರಿಕೆಯಾಗುತ್ತಿದ್ದುದು ಅದು ಮುಗಿದ ಮೇಲಿನ ಗಳಿಗೆ. ಎಚ್ಚರವಾದ ಮೇಲೂ ಅವಳಿಗೆ ಒಂದೆರಡು ಗಂಟೆ, ಮೂರ್ಛೆ ಮೇಲಿಂದ ಮೇಲೆ ಬಂದರೆ ದಿನಗಟ್ಟಲೆ, ತಾನು ಯಾರೆಂದು ತಿಳಿಯುತ್ತಿರಲಿಲ್ಲ. ಎದ್ದು ನಡೆಯುತ್ತಿದ್ದಳು. ಸೆರಗು ಹಿಡಿದುಕೊಳ್ಳುವುದು ನನ್ನ ಎರಡನೇ ಕೆಲಸ. ನನ್ನ ಮುಖವನ್ನು ಅವಳು ಬೇರೆಯವರ ಮನೆಯ ಮಗುವನ್ನು ನೋಡಿದಂತೆ ನೋಡುತ್ತಿದ್ದಳು.

ಅಪ್ಪ ಹತ್ತಿ ದಲಾಲ. ಹಳ್ಳಿಗಳಿಂದ ಗಾಡಿಯಲ್ಲಿ ಬಂದ ಹತ್ತಿಗೂ ಮಿಲ್ಲಿನ ಖರೀದಿದಾರರಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವವನು. ಆಗ ದರವನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಹೆಗಲ ಟವೆಲನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರಡಿಯಲ್ಲಿ ಬೆರಳು ಹಿಡಿದು ಕೇಳುವುದು, ಬೆರಳು ಹಿಡಿದೇ ಹೇಳುವುದು. ಸುತ್ತ ನಿಂತವರಿಗೆ ಟವೆಲು ಅಲುಗುವುದಷ್ಟೇ ಕಾಣುತ್ತಿತ್ತು. ಒಪ್ಪಿಗೆಯಾಯಿತೋ, ಎದುರಿನವನ ಕೈಯನ್ನು ಮುಷ್ಟಿ ಮಾಡಿಸಿ ಒತ್ತಿಬಿಡಬೇಕು. ಅಲ್ಲಿಗೆ ಮುಗಿಯಿತು, ಮತ್ತೆ ಯಾರೂ ತುಟಿ ಎರಡು ಮಾಡುವಂತಿಲ್ಲ. ಹತ್ತಿಯ ಒಳಗಡೆ ಒದ್ದೆ ಇದ್ದರೂ, ಬೀಜದ ಚೂರು ಇದ್ದರೂ ಅಪ್ಪ ಮೇಲಿನ ಬಿಳುಪನ್ನೇ ಹೊಗಳುತ್ತಿದ್ದ. "ಐಬು ಕೊಳ್ಳೋನು ಹುಡುಕ್ಲಿ. ನಾವ್ಯಾಕ ಬಾಯಿ ಬಿಡಬೇಕು?" ಎನ್ನುತ್ತಿದ್ದ. ನಾನೂ ಮುಂದೆ ಬಟ್ಟೆ ವ್ಯಾಪಾರಕ್ಕಿಳಿದೆ. ಇದೇ ಊರಿನಲ್ಲಿ ಮನೆಯ ಕಟ್ಟೆಯ ಮೇಲೆ ಎರಡು ಗಂಟು ಹಾಸಿಗೆ ಬಟ್ಟೆ ಇಟ್ಟುಕೊಂಡು ಶುರು ಮಾಡಿ, ಇವತ್ತು ಮೂರು ಬಾಗಿಲಿನ ಅಂಗಡಿ ಮಾಡಿದ್ದೇನೆ. ಚೌಕಾಸಿಯಲ್ಲಿ ನನ್ನನ್ನು ಗೆದ್ದವರು ಕಡಿಮೆ. ಆದರೆ ನನ್ನ ಅಂಗಡಿಗೆ ಕೆಲಸಕ್ಕೆ ಬರುವ ಹುಡುಗಿಯರಿಗೆ ನಾನು ಮೊದಲ ದಿನವೇ ಹೇಳುವುದು, ಥಾನು ಬಿಚ್ಚಿದಾಗ ಎಲ್ಲಿ ನೂಲು ಹರಿದಿದೆಯೋ ಅಲ್ಲಿ ಬೆರಳಿಟ್ಟು ತೋರಿಸಿ, ಆಮೇಲೆ ಬೆಲೆ ಮಾತಾಡಿ ಎಂದು. ಹಾಗೆ ಮಾಡಿದರೆ ಗಿರಾಕಿ ನಿಮ್ಮ ಮಿಕ್ಕ ಮಾತನ್ನೆಲ್ಲ ನಂಬುತ್ತಾನೆ. ಇದನ್ನು ನಾನು ಪೇಟೆಯಲ್ಲಿ ಕಲಿಯಲಿಲ್ಲ, ನನ್ನ ಹನ್ನೆರಡನೇ ವಯಸ್ಸಿನಲ್ಲಿ ಒಂದು ಇಂಗ್ಲಿಷ್ ಕಾಗದ ಬರೆದು ಕಲಿತೆ.

ಇಂಗ್ಲಿಷ್ ನನಗೆ ಅಂಟಿಕೊಂಡದ್ದು ಕಟ್ಟೆಯ ಪಕ್ಕದ ಕೋಣೆಯಿಂದ. ಅಲ್ಲಿ ಬಾಡಿಗೆಗಿದ್ದ ಮೇಷ್ಟ್ರು ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಮೈಸೂರು ಕಡೆಯವರು, ಒಂಟಿ. ಪೊರೆ ಬಂದು ಅವರ ಎರಡೂ ಕಣ್ಣು ಮಂಜಾಗಿದ್ದವು. ಹತ್ತಿರದ ಹುಡುಗರಿಗೆ ಪಾಠ ಹೇಳುತ್ತಿದ್ದುದರಿಂದ ಮೇಷ್ಟ್ರು ಎಂಬ ಹೆಸರು ನಿಂತಿತ್ತು. ಅಪ್ಪನಿಗೆ ಗಂಡುಮಕ್ಕಳಿಲ್ಲ. "ಮಿಲ್ಲಿನೋರ ಕಾಗದ ಓದಿಸಾಕ ಕಂಡೋರ ಕಾಲು ಹಿಡೀಬೇಕೇನು? ಸಣ್ಣಾಕಿಗೆ ಕಲಿಸ್ರಿ," ಎಂದು ನನ್ನನ್ನು ಅವರ ಮುಂದೆ ಕೂರಿಸಿದ. ಶಬ್ದಗಳನ್ನು ನಾನು ಬೇಗ ಕಲಿತೆ. ಸಿಕ್ಕಿಬಿದ್ದದ್ದು ಅವನ್ನು ಜೋಡಿಸುವಲ್ಲಿ. ಒಲೆಯ ಮೇಲಿನ ಪಾತ್ರೆ ಎಂಬುದನ್ನು ನಾನು 'ದಿ ಆನ್ ದಿ ಸ್ಟೋವ್ ಪಾಟ್' ಎಂದು ಬರೆದು ಗಟ್ಟಿಯಾಗಿ ಓದಿದೆ. ಮೇಷ್ಟ್ರು ಕಿವಿ ಮುಂದೆ ಮಾಡಿ ಕೂತಿದ್ದರು.

"ಪಾತ್ರೆ ಎಲ್ಲಮ್ಮ ಗಿರಿಜಾ? ಒಲೆ ಬಂತು, ಮೇಲೆ ಬಂತು, ನಾನು ಕಾಯ್ತಾನೇ ಇದೀನಿ, ಪಾತ್ರೆ ಇನ್ನೂ ಬಂದಿಲ್ಲವಲ್ಲ!"

"ಕೊನೀಗೆ ಬರ್ತೈತಲ್ರಿ ಸಾರ್."

"ನಮ್ಮ ಭಾಷೇಲಿ ಕೊನೆಗೆ ಬರುತ್ತೆ. ಅಲಂಕಾರವೆಲ್ಲ ಮುಗಿದ ಮೇಲೆ ಮದುಮಗಳು ಹೊರಗೆ ಬಂದ ಹಾಗೆ. ಇಂಗ್ಲಿಷಿನವನು ಹಾಗಲ್ಲ. ಮೊದಲು ಪಾತ್ರೆ ತಂದು ನಿನ್ನ ಮುಂದೆ ಇಡ್ತಾನೆ. ಆಮೇಲೆ ಅದು ಎಲ್ಲಿತ್ತು, ಎಂಥದು, ಯಾರು ತೊಳೆದದ್ದು, ಒಂದೊಂದೇ ಹೇಳ್ತಾನೆ. ದಿ ಪಾಟ್ ಆನ್ ದಿ ಸ್ಟೋವ್. ಪಾತ್ರೆ ಮೊದಲು."

ಮತ್ತೊಂದು ಎಚ್ಚರಿಕೆಯನ್ನೂ ಅವರು ಹೇಳಿದರು. ಹಿಂದೆ ಬರುವ ಆ ಮಾತು ತನ್ನ ಹೆಸರಿಗೆ ಅಂಟಿಕೊಂಡೇ ಇರಬೇಕು. ನಡುವೆ ಬೇರೇನಾದರೂ ನುಸುಳಿತೋ, ಅದಕ್ಕೆ ಹೋಗಿ ತಗುಲಿಕೊಳ್ಳುತ್ತದೆ. ನಾನು ಒಮ್ಮೆ, ಕೊಂಬು ಮುರಿದ ಎಮ್ಮೆಯನ್ನು ಬಸ್ಸಿನಿಂದ ನೋಡಿದೆ ಎಂದು ಬರೆಯಲು ಹೋಗಿ, ಎಮ್ಮೆಯ ಹಿಂದೆಯೇ ಬಸ್ಸನ್ನು ತಂದು ನಿಲ್ಲಿಸಿ ಕೊಂಬನ್ನು ಕೊನೆಗೆ ಇಟ್ಟಿದ್ದೆ. "ಹರಿಹರದ ಬಸ್ಸಿಗೆ ಕೊಂಬು ಯಾವಾಗ ಬಂತಮ್ಮ?" ಎಂದು ಮೇಷ್ಟ್ರು ನಕ್ಕರು. ಪಡಸಾಲೆಯ ಬಾಗಿಲ ಮರೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅವ್ವನೂ ನಕ್ಕಳು. ಅವಳು ಪಾಠ ಕೇಳಿಸಿಕೊಳ್ಳುತ್ತಿದ್ದಳೆಂದು ನನಗೆ ತಿಳಿದದ್ದು ಆಗಲೇ. ಆಮೇಲೆ ಊಟಕ್ಕೆ ಕೂತಾಗ ಅದೇ ನಮ್ಮ ಆಟವಾಯಿತು. ತಟ್ಟೆಯಲ್ಲಿರುವ ರೊಟ್ಟಿ, ರೊಟ್ಟಿಯ ಮೇಲಿನ ಬೆಣ್ಣೆ, ಗೋಡೆಯ ಮೇಲಿನ ಹಲ್ಲಿ ಎಲ್ಲವನ್ನೂ ನಾನು ತಿರುಗಿಸಿ ಹೇಳಬೇಕು. ಅವ್ವ ಕೈಯಲ್ಲಿ ಹಿಟ್ಟು ತಟ್ಟುತ್ತಲೇ ಒಂದು ದಿನ ಹೇಳಿದಳು:

"ಇಂಗ್ಲಿಷ್‌ನೋರು ಒಳ್ಳೇರು ಬಿಡೇ. ಮೊದ್ಲು ಮನುಷ್ಯರನ್ನ ಕೂಡ್ರಿ ಅಂತಾರ, ಆಮೇಲೆ ಐಬು ಎಣಸ್ತಾರ. ನಮ್ಮಾಗ ಮೂರ್ಛೆ ಬರೋ ಹೆಂಗಸು ಅಂತಾರ. ಮೂರ್ಛೆನೇ ಮೊದ್ಲು ಒಳಗ್ ಬರ್ತೈತಿ, ನಾನು ಅದರ ಹಿಂದ."

"ನಿನಗ ಹೇಳ್ಲೇನವ್ವ ಇಂಗ್ಲಿಷಿನಾಗ? ದಿ ವುಮನ್..."

"ಹಂಗಂದ್ರ?"

"ಹೆಂಗಸು ಅಂತ."

"ಸಾಕು. ಅಲ್ಲಿಗೇ ನಿಲ್ಸು," ಎಂದು ಅವ್ವ ರೊಟ್ಟಿ ತಿರುವಿದಳು.

ಅಕ್ಕನಿಗೆ ಹದಿನಾರು ತುಂಬಿತ್ತು. ಹರಿಹರದ ಒಂದು ಮನೆತನದಿಂದ ಸಂಬಂಧ ಬಂತು. ಒಳ್ಳೆಯ ಜನ, ಹುಡುಗ ಅಲ್ಲಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮಾತುಕತೆಗೆಂದು ನಾವೆಲ್ಲ ಹೋದೆವು. ಎಲ್ಲ ಸರಿಯಾಗಿಯೇ ನಡೆಯಿತು. ಎಡೆಯಲ್ಲಿ ಹೋಳಿಗೆ ಬಡಿಸಿದರು, ಅವ್ವ ಎಡಗೈಯನ್ನು ಸೆರಗಿನಲ್ಲಿಟ್ಟುಕೊಂಡೇ ಉಂಡಳು. ಇಳಿಹೊತ್ತಿನಲ್ಲಿ ಬೀಗರ ಕಡೆಯ ಮೂರು ಜನ ಹೆಂಗಸರು ನಮ್ಮನ್ನು ಕಳಿಸಲು ಸ್ಟೇಷನ್ನಿನವರೆಗೂ ಬಂದರು. ನಾವು ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದಾಗ ಅವ್ವ ನನ್ನ ಭುಜ ಹಿಡಿದಳು. ಅವಳ ಬಾಯಲ್ಲಿ ಕಬ್ಬಿಣದ ರುಚಿ ಬರುತ್ತಿತ್ತಂತೆ, ಮೂರ್ಛೆ ಬರುವುದರ ಮೊದಲ ಸೂಚನೆ ಅದು. ಬೀಗತಿಯರು ಎರಡು ಮಾರು ದೂರದಲ್ಲಿ ಎಲೆಅಡಿಕೆ ಹಾಕಿಕೊಂಡು ಮಾತಾಡುತ್ತಿದ್ದರು. ಅಲ್ಲಿ ಅಗಳಿ ಹಾಕಲು ಬಾಗಿಲಿರಲಿಲ್ಲ, ಕುಟ್ಟಲು ಒರಳಿರಲಿಲ್ಲ.

"ನೀ ಅವರ ಜತಿ ಮಾತಾಡ್ತಿರು. ನನ್ನ ಹಿಂದ ಬರಬ್ಯಾಡ," ಎಂದಳು ಅವ್ವ.

ನಾನು ಹೋಗಿ ಬೀಗತಿಯರ ಮುಂದೆ ನಿಂತು, ಅವರು ಕೇಳದಿದ್ದರೂ ಇಂಗ್ಲಿಷ್ ಪದ್ಯ ಹೇಳಿದೆ. ಅವರು ಬೆರಗಾಗಿ ನೋಡಿದರು. ಹಿಂದೆ ಹುಬ್ಬಳ್ಳಿಯ ಕಡೆ ಹೋಗುವ ಗಾಡಿ ನಿಂತಿತ್ತು, ಅದು ಕೂಗಿ ಹೊರಟಿತು. ತಿರುಗಿ ನೋಡಿದರೆ ಅವ್ವ ಎಲ್ಲೂ ಇರಲಿಲ್ಲ. ಯಾರ ಕಣ್ಣಿಗೂ ಬೀಳದ ಹಾಗೆ ಬೀಳಲೆಂದು ಅವಳು ಆ ಗಾಡಿಯ ಖಾಲಿ ಹೆಂಗಸರ ಡಬ್ಬಿ ಹತ್ತಿದ್ದಳು ಎಂಬುದು ನಮಗೆ ತಿಳಿದದ್ದು ಬಹಳ ಆಮೇಲೆ. ಅವತ್ತು ಅಪ್ಪ ಹೊಳೆದಂಡೆಯೆಲ್ಲ ಹುಡುಕಿದ. ಬೀಗರ ಮುಂದೆ ಮಾತ್ರ ಅಜ್ಜಿ ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿಬಿಟ್ಟಳು, ಸೊಸೆ ಹಾಗೇ ಕಡರನಾಯಕನಹಳ್ಳಿಗೆ, ತನ್ನ ತವರಿಗೆ, ಹೋದಳು ಎಂದು.

ಮೇಷ್ಟ್ರು ದಾರಿ ತೋರಿಸಿದರು. ಒಂದು ಕಾಗದದಲ್ಲಿ ಚಹರೆ ಬರೆದು ಗಾರ್ಡುಗಳ ಕೈಗೆ ಕೊಟ್ಟರೆ ಲೈನಿನ ಪ್ರತಿಯೊಂದು ಸ್ಟೇಷನ್ನಿಗೂ ಮುಟ್ಟಿಸುತ್ತಾರೆ, ಆದರೆ ಅಲ್ಲಿಯ ಮಾಸ್ತರುಗಳು ಎಲ್ಲೆಲ್ಲಿಯವರೋ, ಇಂಗ್ಲಿಷಿನಲ್ಲೇ ಬರೆಯಬೇಕು ಎಂದರು. ಅವರ ಕಣ್ಣಿಗೆ ಅಕ್ಷರ ಕಾಣುತ್ತಿರಲಿಲ್ಲ. ಬರೆಯುವ ಕೈ ನನ್ನದಾಯಿತು. ಮರುದಿನ ಬೆಳಗ್ಗೆ ಪಡಸಾಲೆಯಲ್ಲಿ ಎಲ್ಲರೂ ಸುತ್ತ ಕೂತರು. ಅಪ್ಪ ಹತ್ತಿ ಮಾರುವ ದನಿಯಲ್ಲೇ ಹೇಳತೊಡಗಿದ. ಮರ್ಯಾದಸ್ಥರ ಮನೆಯವಳು ಎಂದು ಹಾಕು. ಬಣ್ಣ ಗೋಧಿ ಬಣ್ಣ. ಮಾತು ಮೃದು. ಹಸಿರು ಇಳಕಲ್ ಸೀರೆ, ಕೊರಳಲ್ಲಿ ಚಿನ್ನದ ಗುಂಡಿನ ಸರ. ನಾನು ಕಲಿತ ಪಾಠದಂತೆಯೇ ಮೊದಲು 'ಎ ಲೇಡಿ' ಎಂದು ಅವಳನ್ನು ನಿಲ್ಲಿಸಿ, ಹಿಂದೆ ಒಂದೊಂದಾಗಿ ಎಲ್ಲ ಕಟ್ಟಿದೆ, ಆಫ್ ಎ ರೆಸ್ಪೆಕ್ಟಬಲ್ ಫ್ಯಾಮಿಲಿ, ವಿತ್ ಗುಡ್ ಮ್ಯಾನರ್ಸ್, ವೇರಿಂಗ್ ಎ ಗ್ರೀನ್ ಇಳಕಲ್ ಸಾರಿ ಎಂದು. ಒಂದು ತಪ್ಪೂ ಇರಲಿಲ್ಲ. ಅಂಥ ಹೊತ್ತಿನಲ್ಲೂ ನನಗೆ ಒಳಗೊಳಗೇ ಹೆಮ್ಮೆಯಾಯಿತು ಎಂಬುದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

"ಯಜಮಾನ್ರೇ, ಇದರಲ್ಲಿ ಹುಡುಕೋದಕ್ಕೆ ಏನೂ ಇಲ್ಲ," ಎಂದರು ಮೇಷ್ಟ್ರು. "ಮೈಮೇಲೆ ಗುರುತು? ಕಲೆ, ಗಾಯ, ಏನಾದ್ರೂ? ಕಾಯಿಲೆ?"

ಅಪ್ಪ ಅಜ್ಜಿಯ ಮುಖ ನೋಡಿದ. ಅಜ್ಜಿ ಅಕ್ಕನ ಮುಖ ನೋಡಿದಳು. ಹರಿಹರ ಸ್ಟೇಷನ್ನಿನಲ್ಲೂ ಈ ಕಾಗದ ಇರುತ್ತದೆ, ಅದನ್ನು ಬೀಗರೂ ಓದಿಸಿಕೊಳ್ಳಬಹುದು, ತವರಿನ ದಾರಿ ತಪ್ಪಿದಳು ಎಂದರೆ ನಂಬಿಯಾರು, ಮೂರ್ಛೆ ಕಂಡರೆ ಸಂಬಂಧ ಮುರಿದೀತು ಎಂಬುದು ಎಲ್ಲರಿಗೂ ಗೊತ್ತಿತ್ತು.

"ಅಂಥಾದ್ದೇನಿಲ್ಲ ಮೇಷ್ಟ್ರೇ," ಎಂದ ಅಪ್ಪ.

ಮೇಷ್ಟ್ರು ತಮ್ಮ ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿದರು. ಹೊತ್ತಲ್ಲದ ಹೊತ್ತಿನ ಒನಕೆ ಸದ್ದನ್ನು ಅವರೂ ನಾಲ್ಕು ವರ್ಷದಿಂದ ಕೇಳಿದ್ದರು.

"ನೀನು ಹೇಳಮ್ಮ. ಬರೆಯೋಳು ನೀನು."

"ಇಲ್ರಿ ಸಾರ್," ಎಂದೆ.

ಆ ಮೇಲಿನ ದಿನಗಳು ಮನೆಯೊಳಗೆ ಹೇಗೆ ಕಳೆದವೆಂದರೆ, ಒಲೆ ಹಚ್ಚುತ್ತಿದ್ದೆವು, ಉಣ್ಣುತ್ತಿರಲಿಲ್ಲ. ಅಕ್ಕ ತಟ್ಟಿದ ರೊಟ್ಟಿ ಹೆಂಚಿನ ಮೇಲೇ ಹರಿಯುತ್ತಿತ್ತು. ಮಂಡಕ್ಕಿಗೆ ಮೆಣಸಿನಕಾಯಿ ನಂಚಿಕೊಂಡು ಹೊಟ್ಟೆ ತುಂಬಿಸಿಕೊಂಡೆವು, ಖಾರಕ್ಕೆ ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆಂದು ಕೇಳುವ ಹಾಗಿರಲಿಲ್ಲ. ಪಕ್ಕದ ಮನೆಯಾಕೆ, "ನಿಮ್ಮವ್ವ ತವರಿನಾಗ ಸುಖವಾಗಿದಾಳೇನೇ?" ಎಂದು ಕೇಳಿದಾಗ, "ಹೂಂ, ಹಸಿಗಡ್ಲಿ ತಿಂತಾ ಕೂತಾಳ," ಎಂದೆ. ಸುಳ್ಳು ಅಷ್ಟು ಸರಾಗವಾಗಿ ಬಂತು. ಅಪ್ಪ ದಿನವೂ ಗಾಡಿ ಹತ್ತಿ ಎರಡು ಮೂರು ಸ್ಟೇಷನ್ ಇಳಿದು ಕೇಳಿಕೊಂಡು, ಬರಿಗೈಯಲ್ಲಿ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ಅಜ್ಜಿ ಬೆಳಗ್ಗೆ ಲಿಂಗಪೂಜೆಗೆ ಕೂತವಳು ವಿಭೂತಿಯನ್ನು ಬೆರಳಲ್ಲಿ ಹಿಡಿದು ಹಾಗೇ ಮರೆತುಬಿಡುತ್ತಿದ್ದಳು. ನಾನಂತೂ ಬೀದಿಬಾಗಿಲ ಅಗಳಿಯನ್ನು ಮುಟ್ಟಲು ಹೆದರಿದೆ. ಅದನ್ನು ಹಾಕಿದರೆ ಅವಳು ಹೊರಗೇ ಉಳಿದುಬಿಡುತ್ತಾಳೆ ಅನ್ನಿಸುತ್ತಿತ್ತು. ಎಲ್ಲೋ ಒಂದೂರಿನಲ್ಲಿ ಅವಳು ಎದ್ದು ನಡೆಯುತ್ತಿದ್ದಾಳೆ, ಸೆರಗು ಹಿಡಿಯಲು ಯಾರೂ ಇಲ್ಲ. ಕಣ್ಣು ಮುಚ್ಚಿದರೆ ಇದೇ. ತೆರೆದರೂ ಇದೇ.

ಆರನೇ ದಿನ ಮಧ್ಯಾಹ್ನ ಸೋದರಮಾವ, ಎಂದರೆ ಅವ್ವನ ತಮ್ಮ, ಕಡರನಾಯಕನಹಳ್ಳಿಯಿಂದ ಬಂದು ಬಾಗಿಲಲ್ಲೇ ನಿಂತ. ಒಳಗೆ ಬರಲಿಲ್ಲ.

"ನಮ್ಮಕ್ಕ ತವರಿಗೆ ಬಂದಾಳಂತ ಹರಿಹರದ ಬೀಗ್ರು ಹೇಳಿದ್ರು. ತವರಿನಾಗ ನಾನು ಇಲ್ಲೇನು ಭಾವ? ನನ್ನ ಕಣ್ಣು ಹೋಗ್ಯಾವೇನು? ಎಲ್ಲಿ ಆಕಿ?"

"ಮೆಲ್ಲಕ ಮಾತಾಡೋ. ಗೋಡಿ ತೆಳ್ಳಗೈತಿ," ಎಂದಳು ಅಜ್ಜಿ.

ಅಪ್ಪ ನಡೆದದ್ದನ್ನೆಲ್ಲ ಹೇಳಿದ. ಮಾವ ನನ್ನ ಕೈಯಿಂದ ಆ ಕಾಗದದ ಪ್ರತಿಯನ್ನು ಓದಿಸಿಕೊಂಡ. ಕನ್ನಡದಲ್ಲಿ ಅದರ ಅರ್ಥ ಕೇಳುತ್ತ ಕೇಳುತ್ತ ಅವನ ಮುಖ ಕೆಂಪಾಯಿತು.

"ಕೈ ಸುಟ್ಟಿದ್ದು ಎಲ್ಲೈತೆ? ಮೂರ್ಛೆ ಎಲ್ಲೈತೆ? ಇದು ನಮ್ಮಕ್ಕ ಅಲ್ಲ ಬಿಡ್ರಿ, ಯಾರೋ ಸಾಹುಕಾರ್ತಿ!"

"ಮೂರ್ಛೆ?" ಅಪ್ಪ ಎದ್ದು ನಿಂತ. ಅವನ ದನಿ ಏರಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು. "ಮದುವಿ ಮಾಡಿಕೊಡುವಾಗ ನಿಮ್ಮಪ್ಪ ನನಗ ಹೇಳಿದ್ನೇನು? ತಿಂಗಳಾದ ಮ್ಯಾಲೆ ಬಚ್ಚಲದಾಗ ಬಿದ್ಲು, ಆಗ ಗೊತ್ತಾತು ನನಗ. ನಾನು ಬಾಯಿ ಬಿಟ್ನೇನು? ಹದಿನೇಳು ವರ್ಷ ಮುಚ್ಚಿಗೊಂಡ್ ಬಾಳೇ ಮಾಡ್ಲಿಲ್ಲೇನು?"

ಮಾವ ತಲೆ ತಗ್ಗಿಸಿದ. ಅವನ ಕಂಕುಳಲ್ಲಿ ತನ್ನ ಅಕ್ಕನಿಗೆಂದು ತಂದ ಹಸಿಗಡಲೆಯ ಕಟ್ಟು ಹಾಗೇ ಇತ್ತು. ಆಗ ಮೇಷ್ಟ್ರು ಸ್ಟೇಷನ್ನಿನಿಂದ ಗೋಡೆ ಸವರಿಕೊಂಡು ಬಂದರು. ಹುಬ್ಬಳ್ಳಿ ಕಡೆಯಿಂದ ಬಂದ ಒಬ್ಬ ಗಾರ್ಡು ಅವರ ಹಳೆಯ ಪರಿಚಯ, ಅವನು ಹೇಳಿದ್ದನ್ನು ಅವರು ನಿಂತೇ ಹೇಳಿದರು. ದಾರಿಯಲ್ಲಿ ಒಂದು ಸಣ್ಣ ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ಎರಡು ದಿನ ಬೆಂಚಿನ ಮೇಲೆ ಕೂತಿದ್ದಳಂತೆ. ಹರಿದ ಸೀರೆ, ಕೊರಳಲ್ಲಿ ಚಿನ್ನವಿಲ್ಲ, ಬರೀ ಲಿಂಗ. ಹೆಸರು ಕೇಳಿದರೆ ಹೇಳಳು. ಒಮ್ಮೆ ನೊರೆ ಕಾರಿ ಬಿದ್ದಳಂತೆ. ಅಲ್ಲಿಯ ಮಾಸ್ತರರು ನಮ್ಮ ಕಾಗದವನ್ನು ಕೈಯಲ್ಲಿ ಹಿಡಿದು ಅವಳನ್ನು ನೋಡಿ, ಇದು ಅವಳಲ್ಲ, ಇವಳ್ಯಾರೋ ಹುಚ್ಚಿ, ಎಂದು ಕೂಲಿಯವರಿಂದ ಊಟ ಕೊಡಿಸಿ ಮುಂದಿನ ಗಾಡಿ ಹತ್ತಿಸಿಬಿಟ್ಟರಂತೆ.

"ಎಡಗೈ ಸುಟ್ಟಿತ್ತಂತೆ," ಎಂದರು ಮೇಷ್ಟ್ರು ಕೊನೆಗೆ. ಅವರು ಯಾರ ಕಡೆಗೂ ತಿರುಗಿರಲಿಲ್ಲ.

ಕಾಗದ ಆ ಸ್ಟೇಷನ್ ಮಾಸ್ತರರ ಕೈಯಲ್ಲಿತ್ತು. ಅವ್ವ ಅವರ ಎದುರಿಗಿದ್ದಳು. ನಡುವೆ ಇದ್ದದ್ದು ನನ್ನ ಅಕ್ಷರ. ನಾನು ದೌತಿ, ಲೇಖನಿ ತಂದು ನಡುಮನೆಯಲ್ಲಿ ಕೂತೆ. ಅಕ್ಕ ಬಂದು ನನ್ನ ಎದುರಿಗೆ ಕುಕ್ಕರಿಸಿ ಕಾಗದದ ಮೇಲೆ ಅಂಗೈ ಇಟ್ಟಳು. ಕುಟ್ಟಿ ಕುಟ್ಟಿ ಆ ಅಂಗೈ ಗಂಡಸರ ಕೈಯ ಹಾಗೆ ಗಟ್ಟಿಯಾಗಿತ್ತು.

"ಬರೀಬ್ಯಾಡೇ ಗಿರಿ. ಎಂಟು ದಿನ ತಡಿ. ನಿಶ್ಚಯ ಆಗಿಬಿಡ್ಲಿ. ನಾನೇನು ಅವ್ವ ಬ್ಯಾಡ ಅಂದ್ನೇನು? ಎಂಟೇ ದಿನ."

"ಎಂಟು ದಿನ ಆಕಿ ಎಲ್ಲಿರ್ತಾಳಕ್ಕ?"

"ನನ್ನ ಜೀವನ ಬರಿತಿದ್ದಿ ನೀನು. ತಿಳ್ಕ."

ನಾನು ಅಪ್ಪನ ಕಡೆ ನೋಡಿದೆ. ಅಜ್ಜಿ ಬೇಡವೆಂದು ತಲೆ ಆಡಿಸುತ್ತಿದ್ದಳು, ಮಾವ ಬರೆ ಎನ್ನುತ್ತಿದ್ದ, ಅಕ್ಕ ಅಳುತ್ತಿದ್ದಳು. ಒಬ್ಬ ಮಗಳ ಎದುರಿಗೆ ಇನ್ನೊಬ್ಬಳಿಗೆ ಅಪ್ಪ ಏನು ಹೇಳಬೇಕು? ಅವನು ಬಂದು ನನ್ನ ಪಕ್ಕದಲ್ಲಿ ಕೂತು, ಹೆಗಲ ಟವೆಲನ್ನು ತೆಗೆದು ನನ್ನ ಕೈಯ ಮೇಲೆ ಹೊದಿಸಿದ. ಅದರ ಅಡಿಯಲ್ಲಿ ಅವನ ಕೈ ನನ್ನ ಬೆರಳುಗಳನ್ನು ಹುಡುಕಿತು. ಒಂದೊಂದನ್ನೇ ಮಡಿಸಿ, ಮುಷ್ಟಿ ಮಾಡಿಸಿ, ಒತ್ತಿದ. ಆಮೇಲೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಹೋದ.

ನಾನು ಅಕ್ಕನ ಅಂಗೈಯನ್ನು ಸರಿಸಿ ಬರೆದೆ. ಮೇಷ್ಟ್ರು ಹೇಳಿಕೊಡಬೇಕಾಗಲಿಲ್ಲ. ಬೆರಳು ಊದುವ ತನಕ ಪ್ರತಿ ಮಾಡಿದೆ. ಅವರು ಅವನ್ನು ಎದೆಗೊತ್ತಿಕೊಂಡು ಹೋಗಿ ಎರಡೂ ದಿಕ್ಕಿನ ಗಾರ್ಡುಗಳಿಗೆ ಕೊಟ್ಟು ಬಂದರು. ಒಂದು ಪ್ರತಿ ಹರಿಹರದ ಸ್ಟೇಷನ್ನಿನ ಗೋಡೆಗೂ ಅಂಟಿತು. ನಾಲ್ಕು ದಿನದ ಮೇಲೆ ಹುಬ್ಬಳ್ಳಿಯಿಂದ ಸುದ್ದಿ ಬಂತು. ಅಲ್ಲಿ ಒಂದು ಛತ್ರದ ಹಿಂಬದಿಯಲ್ಲಿ ರೊಟ್ಟಿ ತಟ್ಟಿಕೊಂಡು ಒಬ್ಬಳಿದ್ದಾಳೆ, ಎಡಗೈ ಸುಟ್ಟಿದೆ, ಬಂದ ದಿನವೇ ಬಿದ್ದಳು, ಊರು ಯಾವುದೆಂದರೆ ಒಲೆ ಕಡೆ ನೋಡುತ್ತಾಳೆ ಎಂದು. ಅಪ್ಪನೂ ಮಾವನೂ ಹೋಗಿ ಕರೆತಂದರು. ಅದಕ್ಕೂ ಒಂದು ದಿನ ಮೊದಲೇ ಹರಿಹರದಿಂದ ಒಬ್ಬರು ಬಂದು, ಹುಡುಗನಿಗೆ ಸದ್ಯಕ್ಕೆ ಮದುವೆಯ ಮನಸ್ಸಿಲ್ಲವಂತೆ ಎಂದು ನಾವು ಕೊಟ್ಟ ನೀರು ಸಹ ಕುಡಿಯದೆ ಹೇಳಿ ಹೋಗಿದ್ದರು. ಆಮೇಲೆ ನಾಲ್ಕು ವರ್ಷ ಅಕ್ಕನನ್ನು ಕೇಳಿಕೊಂಡು ಯಾರೂ ನಮ್ಮ ಕಟ್ಟೆ ಹತ್ತಲಿಲ್ಲ.

ಅವ್ವ ಬಂದ ಮಾರನೆಯ ದಿನ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಅರ್ಧ ಮೈ ಆಗಿದ್ದಳು. ಎಡಗೈಯಲ್ಲಿ ಒಂದು ಬಳೆಯೂ ಉಳಿದಿರಲಿಲ್ಲ. ಅಜ್ಜಿ ಬಳೆಯ ಡಬ್ಬಿ ತಂದು ಮುಂದೆ ಕೂತಾಗ ಅವ್ವ ಕೈ ಹಿಂದಕ್ಕೆ ಎಳೆದುಕೊಂಡು, "ಇರ್ಲಿ ಬಿಡ್ರಿ ಅತ್ತಿ, ಗಾಳಿ ಆಡ್ಲಿ," ಎಂದಳು. ಅಜ್ಜಿ ಡಬ್ಬಿ ಮುಚ್ಚಿದಳು. ಆಮೇಲೆ ಅವ್ವ ನನ್ನನ್ನು ಕರೆದಳು.

"ನನ್ನ ಬಗ್ಗೆ ಏನೋ ಬರದು ಊರಿಗೆಲ್ಲ ಹಂಚಿದಿಯಂತಲ್ಲ. ಓದು, ಕೇಳ್ತೀನಿ."

ನಾನು ಉಳಿದಿದ್ದ ಒಂದು ಪ್ರತಿ ತಂದೆ. ಕನ್ನಡ ಮಾಡಿ ಹೇಳತೊಡಗಿದೆ. ಎಡಗೈ ಸುಟ್ಟಿರುವ, ಆಗಾಗ ಮೂರ್ಛೆ ಬೀಳುವ, ಎದ್ದ ಮೇಲೆ ತನ್ನ ಹೆಸರು ಮರೆಯುವ...

"ಇನ್ನೂ ನಾನೇ ಬಂದಿಲ್ಲಲ್ಲೇ," ಎಂದಳು ಅವ್ವ. "ಹಂಗ ಬ್ಯಾಡ. ಇಂಗ್ಲಿಷಿನಾಗ ಓದು."

"ದಿ ವುಮನ್," ಎಂದೆ. ಅಭ್ಯಾಸಬಲದಿಂದ ಅಲ್ಲಿಗೆ ನಿಲ್ಲಿಸಿದೆ.

ಅವ್ವ ತನ್ನ ಬರಿಗೈಯನ್ನು ನೋಡಿಕೊಂಡಳು.

"ಮುಂದ?"

ನಾನು ಮುಂದಕ್ಕೆ ಓದಿದೆ. ಸುಟ್ಟ ಕೈಯನ್ನು ಓದಿದೆ, ಬೀಳುವುದನ್ನು ಓದಿದೆ, ಮರೆಯುವುದನ್ನು ಓದಿದೆ. ಒಂದೊಂದಕ್ಕೂ ಅವಳು ಅರ್ಥ ಕೇಳಿ, ಹೌದೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಒನಕೆಯ ಸದ್ದು ಶುರುವಾಯಿತು. ಅಕ್ಕ ಕು‌ಟ್ಟುತ್ತಿದ್ದಳು, ಎಂದಿಗಿಂತ ಜೋರಾಗಿ, ನನ್ನ ದನಿ ತನ್ನ ಕಿವಿಗೆ ಬೀಳದಷ್ಟು ಜೋರಾಗಿ. ಅವತ್ತು ಅವ್ವ ಬಿದ್ದಿರಲಿಲ್ಲ.